ಲಗ್ನಪತ್ರಿಕೆಯ ಕಂಪ್ಯೂಟರಿಗೆ ಹೊಸ ವಿಂಡೋಸ್: ಮೂರು ಸಂಜೆಗಳ ದಾಖಲೆ

ಸಾಗರದಲ್ಲಿ ಡಿಟಿಪಿ ಅಂಗಡಿ ನಡೆಸುವ ನನ್ನ ಪರಿಚಯದವರೊಬ್ಬರು ಕೊನೆಗೂ ತಮ್ಮ ಹಳೆಯ ಯಂತ್ರವನ್ನು ಬದಲಾಯಿಸಲು ಮನಸ್ಸು ಮಾಡಿದರು. ಅದರಲ್ಲಿದ್ದುದು ವಿಂಡೋಸ್ 7. ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದ್ದರೂ, ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ವೈಕುಂಠ ಸಮಾರಾಧನೆಯ ಕರೆಯೋಲೆ ಎಲ್ಲವೂ ಪೇಜ್‌ಮೇಕರ್‌ನಲ್ಲಿ ನುಡಿ ಫಾಂಟುಗಳೊಂದಿಗೆ ಸರಾಗವಾಗಿ ಹೊರಬರುತ್ತಿದ್ದುದರಿಂದ ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ಈಗ ಅವರು ತಂದದ್ದು ಯಾವುದೋ ಕಚೇರಿಯಲ್ಲಿ ಬಳಕೆಯಾಗಿ ಮಾರಾಟಕ್ಕೆ ಬಂದ, ಇಂಟೆಲ್ ಎಂಟನೆಯ ತಲೆಮಾರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್ ಮತ್ತು 240 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದೆ ಚಿಪ್ಪುಗಳಲ್ಲಿ ಮಾಹಿತಿ ಇಡುವ ಡಿಸ್ಕು; ಸಾಟಾ ಎಂಬುದು ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಬಗೆ) ಇರುವ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್. ಹಳೆಯ ಯಂತ್ರದ 500 ಜಿಬಿ ಹಾರ್ಡ್ ಡಿಸ್ಕನ್ನೂ ಇದರೊಳಗೆ ಕೂರಿಸಿ, ಎಸ್‌ಎಸ್‌ಡಿಯ ಮೇಲೆ ವಿಂಡೋಸ್ 11 ಅನ್ನು ಹೊಸದಾಗಿ ಹಾಕಿಕೊಡಬೇಕೆಂಬುದು ನನಗೆ ವಹಿಸಿದ ಕೆಲಸ. ಒಂದು ಸಂಜೆಯಲ್ಲಿ ಮುಗಿಯುತ್ತದೆ ಎಂದು ಹೇಳಿ ಹೋದವನು ನಾನು. ಮೂರು ಸಂಜೆ ಹಿಡಿಯಿತು.

ಮೊದಲ ಸಂಜೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಭಾಷೆ, ಕೀಲಿಮಣೆ, ಪರವಾನಗಿಯ ಒಪ್ಪಿಗೆ ಎಲ್ಲವನ್ನೂ ದಾಟಿ, ವಿಂಡೋಸನ್ನು ಎಲ್ಲಿ ಹಾಕಬೇಕೆಂದು ಕೇಳುವ ಪರದೆಗೆ ಬಂದಾಗ ಡ್ರೈವ್ 0 ಎಂಬ ಹೆಸರಿನಲ್ಲಿ ಎಸ್‌ಎಸ್‌ಡಿಯೂ ಡ್ರೈವ್ 1 ಎಂಬ ಹೆಸರಿನಲ್ಲಿ ಹಾರ್ಡ್ ಡಿಸ್ಕೂ ಕಾಣಿಸಿದವು. ಎಸ್‌ಎಸ್‌ಡಿಯ ದೊಡ್ಡ ಪಾರ್ಟಿಶನ್, ಅಂದರೆ ಡಿಸ್ಕಿನ ದೊಡ್ಡ ಭಾಗ, ಆರಿಸಿದ ಕೂಡಲೇ ಕೆಳಗೆ ಹಳದಿ ತ್ರಿಕೋನದ ಪಕ್ಕದಲ್ಲಿ, ಈ ಡಿಸ್ಕಿನಲ್ಲಿ ಇರುವುದು ಎಂಬಿಆರ್ ಪಾರ್ಟಿಶನ್ ಟೇಬಲ್, ಇಎಫ್‌ಐ ಯಂತ್ರಗಳಲ್ಲಿ ವಿಂಡೋಸನ್ನು ಜಿಪಿಟಿ ಡಿಸ್ಕಿಗೆ ಮಾತ್ರ ಹಾಕಬಹುದು ಎಂಬ ಅರ್ಥದ ಸಂದೇಶ ಬಂತು. ಎಂಬಿಆರ್, ಜಿಪಿಟಿ ಎಂಬುವು ಡಿಸ್ಕಿನ ಭಾಗಗಳ ಪಟ್ಟಿಯನ್ನು ಬರೆದಿಡುವ ಹಳೆಯ ಮತ್ತು ಹೊಸ ಕ್ರಮಗಳು; ಬಯೋಸ್, ಇಎಫ್‌ಐ (ಯುಇಎಫ್‌ಐ) ಎಂಬುವು ಯಂತ್ರವನ್ನು ಚಾಲೂ ಮಾಡುವ ಹಳೆಯ ಮತ್ತು ಹೊಸ ಒಳತಂತ್ರಾಂಶಗಳು. ಈ ಸಂದೇಶ ಹೊಸದೇನಲ್ಲ. ಹಳೆಯ ಡಿಸ್ಕಿಗೆ ಹೊಸ ವಿಂಡೋಸ್ ಹಾಕಲು ಹೊರಟವರೆಲ್ಲರೂ ಒಮ್ಮೆಯಾದರೂ ಇದನ್ನು ನೋಡಿರುತ್ತಾರೆ.

ಇದರ ಕಾರಣ ಬೂಟ್ ಆದ ರೀತಿಯಲ್ಲಿದೆ. ಈ ಯಂತ್ರದಲ್ಲಿ ಎಫ್12 ಒತ್ತಿದರೆ ಬರುವ ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಾಲುಗಳಲ್ಲಿ ಕಾಣುತ್ತದೆ: ಒಂದರ ಹಿಂದೆ ಯುಇಎಫ್‌ಐ ಎಂಬ ಪದ ಇರುತ್ತದೆ, ಇನ್ನೊಂದರ ಹಿಂದೆ ಇರುವುದಿಲ್ಲ. ಪದವಿಲ್ಲದ ಸಾಲನ್ನು ಆರಿಸಿದರೆ ಯಂತ್ರ ಹಳೆಯ ಬಯೋಸ್‌ನಂತೆ ನಡೆದುಕೊಂಡು ಎಂಬಿಆರ್ ಡಿಸ್ಕನ್ನೇ ಬಯಸುತ್ತದೆ. ಪದವಿರುವ ಸಾಲನ್ನು ಆರಿಸಿದರೆ ಜಿಪಿಟಿಯನ್ನು ಬಯಸುತ್ತದೆ. ಎರಡನ್ನೂ ಒಟ್ಟಿಗೆ ಒದಗಿಸುವ ಸಿಎಸ್‌ಎಂ ಎಂಬ ಆಯ್ಕೆ ಬಯೋಸ್ ಸೆಟ್ಟಿಂಗಿನಲ್ಲಿ ಆನ್ ಆಗಿದ್ದರೆ ಮಾತ್ರ ಈ ಗೊಂದಲ. ಮಾರಿದವರು ಇಲ್ಲಿ ಹಳೆಯ ರೀತಿಯಲ್ಲಿ ಬೂಟ್ ಮಾಡಿ, ಎಂಬಿಆರ್ ಮಾಡಿ, ಯಾವುದೋ ವಿಂಡೋಸ್ ಹಾಕಿ ಕೊಟ್ಟಿದ್ದರು. ವಿಂಡೋಸ್ 11ಕ್ಕೆ ಯುಇಎಫ್‌ಐ ಬೇಕೇ ಬೇಕಾದ್ದರಿಂದ ನಾನು ಸಿಎಸ್‌ಎಂ ಅನ್ನು ಆಫ್ ಮಾಡಿದೆ, ಮತ್ತೆ ಬೂಟ್ ಮಾಡಿದೆ, ಎಸ್‌ಎಸ್‌ಡಿಯ ಮೇಲಿದ್ದ ಮೂರೂ ಪಾರ್ಟಿಶನ್‌ಗಳನ್ನು ಒಂದೊಂದಾಗಿ ಡಿಲೀಟ್ ಮಾಡಿದೆ. ಫಾರ್ಮ್ಯಾಟ್ ಗುಂಡಿ ಇಲ್ಲಿ ಪ್ರಯೋಜನಕ್ಕೆ ಬಾರದು; ಅದು ಪಾರ್ಟಿಶನ್ನಿನ ಒಳಗಿರುವ ಫೈಲ್ ವ್ಯವಸ್ಥೆಯನ್ನು ಹೊಸದು ಮಾಡುತ್ತದೆಯೇ ಹೊರತು ಡಿಸ್ಕಿನ ಟೇಬಲನ್ನು ಮುಟ್ಟುವುದಿಲ್ಲ. ಎಲ್ಲ ಪಾರ್ಟಿಶನ್‌ಗಳೂ ಹೋಗಿ ಇಡೀ ಡಿಸ್ಕು ಅನ್‌ಅಲೊಕೇಟೆಡ್ ಎಂಬ ಒಂದೇ ಸಾಲಾಗಿ ಉಳಿದಾಗ, ಯುಇಎಫ್‌ಐ ರೀತಿಯಲ್ಲಿ ಬೂಟ್ ಆದ ಸೆಟಪ್ ಅದನ್ನು ತಾನೇ ಜಿಪಿಟಿ ಮಾಡಿಕೊಳ್ಳುತ್ತದೆ.

ಮಾಡಿಕೊಳ್ಳಬೇಕಿತ್ತು. ನಾನು ನೆಕ್ಸ್ಟ್ ಒತ್ತಿದೆ. ಸುತ್ತುವ ಚುಕ್ಕೆಗಳು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಸುತ್ತಿದವು, ಅನಂತರ ಹೊಸ ಪಾರ್ಟಿಶನ್ ರಚಿಸಲಾಗಲಿಲ್ಲ, ಇರುವುದೂ ಸಿಗಲಿಲ್ಲ, ಹೆಚ್ಚಿನ ವಿವರಕ್ಕೆ ಸೆಟಪ್‌ನ ಲಾಗ್ ಫೈಲುಗಳನ್ನು ನೋಡಿ ಎಂಬ ಪೆಟ್ಟಿಗೆ ಎದುರಿಗೆ ನಿಂತಿತು. ಪಾರ್ಟಿಶನ್ ಅಳಿಸುವಾಗಲೂ ಹೀಗೇ ಹೊತ್ತು ಹಿಡಿದಿತ್ತು ಎಂಬುದು ಆಗ ನನ್ನ ಗಮನಕ್ಕೆ ಬಂದಿತ್ತಾದರೂ, ಸೆಕೆಂಡ್‌ಹ್ಯಾಂಡ್ ಎಸ್‌ಎಸ್‌ಡಿ, ಸ್ವಲ್ಪ ನಿಧಾನ ಇರಬಹುದು ಎಂದುಕೊಂಡು ಮುಂದೆ ಹೋಗಿದ್ದೆ. ಕೆಲವೇ ಕಿಲೋಬೈಟು ಬರೆಯುವ ಕೆಲಸಕ್ಕೆ ಒಂದು ನಿಮಿಷ ಹಿಡಿಯಬೇಕಾದರೆ ಅದು ನಿಧಾನವಲ್ಲ, ಕಾಯಿಲೆ. ಅದನ್ನು ಅಲ್ಲೇ ಗುರುತಿಸಿದ್ದರೆ ಎರಡು ಸಂಜೆ ಉಳಿಯುತ್ತಿತ್ತು.

ಈ ಎರಡನೆಯ ದೋಷಕ್ಕೆ ಎಲ್ಲರೂ ಹೇಳುವ ಪರಿಹಾರಗಳು ಕೆಲವಿವೆ. ಪೆನ್‌ಡ್ರೈವನ್ನು ಬೇರೆ ಪೋರ್ಟಿಗೆ ಹಾಕುವುದು, ಕಾರ್ಡ್ ರೀಡರಿನಂಥ ಬೇರೆ ಯುಎಸ್‌ಬಿ ಸಾಧನಗಳನ್ನು ಕಳಚುವುದು, ಬೂಟ್ ಸರದಿಯನ್ನು ಬದಲಾಯಿಸುವುದು. ಹಲವು ಡಿಸ್ಕುಗಳಿರುವಾಗ ಬೂಟ್ ಫೈಲುಗಳನ್ನು ಎಲ್ಲಿ ಇಡಬೇಕೆಂಬ ವಿಷಯದಲ್ಲಿ ಸೆಟಪ್ ಎಡವುವುದು ನಿಜವಾದ್ದರಿಂದ ಇವುಗಳಲ್ಲಿ ಹುರುಳಿದೆ, ಹಾಗಾಗಿ ಪೆನ್‌ಡ್ರೈವನ್ನು ಹಿಂಬದಿಯ ಪೋರ್ಟಿಗೆ ಹಾಕಿ ನೋಡಿದೆ. ಪಾರ್ಟಿಶನ್ನನ್ನು ಆ್ಯಕ್ಟಿವ್ ಮಾಡಿ, ಅಂದರೆ ಬೂಟ್ ಆಗಬೇಕಾದ ಭಾಗವೆಂದು ಗುರುತಿಸಿ, ಎಂಬ ಇನ್ನೊಂದು ಸಲಹೆಯೂ ಎಲ್ಲೆಡೆ ಓಡಾಡುತ್ತಿರುತ್ತದೆ. ಅದು ಎಂಬಿಆರ್ ಕಾಲದ ಮಾತು. ಜಿಪಿಟಿ ಡಿಸ್ಕಿನ ಮೇಲೆ ಆ ಕಮಾಂಡ್ ಕೊಟ್ಟರೆ ಇದು ಎಂಬಿಆರ್ ಡಿಸ್ಕಿಗೆ ಮಾತ್ರ ಎಂದು ಡಿಸ್ಕುಗಳನ್ನು ಭಾಗ ಮಾಡುವ ವಿಂಡೋಸಿನ ಸಾಧನವಾದ ಡಿಸ್ಕ್‌ಪಾರ್ಟ್ ತಾನೇ ಹೇಳಿ ಹಿಂದೆ ಕಳಿಸುತ್ತದೆ. ಪೋರ್ಟ್ ಬದಲಾಯಿಸಿ ಮತ್ತೆ ಬೂಟ್ ಮಾಡಿದಾಗ ಕಂಡ ಸಂಗತಿ ಮಾತ್ರ ನನ್ನನ್ನು ನಿಲ್ಲಿಸಿತು: ನಾನು ಅಳಿಸಿದ್ದ ಮೂರು ಪಾರ್ಟಿಶನ್‌ಗಳೂ ಅಷ್ಟಷ್ಟೇ ಗಾತ್ರದಲ್ಲಿ, ಏನೂ ಆಗಿಲ್ಲವೆಂಬಂತೆ ಪಟ್ಟಿಯಲ್ಲಿ ಕುಳಿತಿದ್ದವು.

ಇನ್ನು ಗುಂಡಿ ಒತ್ತುವುದರಲ್ಲಿ ಅರ್ಥವಿಲ್ಲವೆಂದು ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ ಕಮಾಂಡ್ ಪ್ರಾಂಪ್ಟ್ ತೆರೆದೆ. ಡಿಸ್ಕ್‌ಪಾರ್ಟ್ ಎಂದು ಟೈಪಿಸಿ, ಲಿಸ್ಟ್ ಡಿಸ್ಕ್ ಕೊಟ್ಟು, ಬಂದ ಪಟ್ಟಿಯ ಮೇಲೆ ಕಣ್ಣಾಡಿಸಿದೆ ಎಂದು ಆಗ ಅಂದುಕೊಂಡಿದ್ದೆ, ನಿಜವಾಗಿ ಓದಿರಲಿಲ್ಲ. ಸೆಟಪ್‌ನ ಪರದೆಯಲ್ಲಿ ಎಸ್‌ಎಸ್‌ಡಿ ಡ್ರೈವ್ 0 ಆಗಿತ್ತಲ್ಲ, ಆದ್ದರಿಂದ ಕೈ ತಾನಾಗಿ ಸೆಲೆಕ್ಟ್ ಡಿಸ್ಕ್ 0 ಎಂದು ಟೈಪಿಸಿ ಎಂಟರ್ ಒತ್ತಿತು. ಮುಂದಿನ ಕಮಾಂಡ್ ಕ್ಲೀನ್. ಇದು ಖಚಿತವೇ, ಮುಂದುವರಿಯಲೇ ಎಂದು ಡಿಸ್ಕ್‌ಪಾರ್ಟ್ ಯಾವತ್ತೂ ಕೇಳುವುದಿಲ್ಲ. ಎಂಟರ್ ಒತ್ತಿದ ಮರುಕ್ಷಣ ಆಯ್ದ ಡಿಸ್ಕಿನ ಟೇಬಲ್ ಹೋಗಿರುತ್ತದೆ. ಟೈಪಿಸುವ ಮುಂಚೆ ಅಭ್ಯಾಸಬಲದಿಂದ ಇನ್ನೊಮ್ಮೆ ಲಿಸ್ಟ್ ಡಿಸ್ಕ್ ಕೊಟ್ಟೆ. ಆರಿಸಿದ ಡಿಸ್ಕಿನ ಹಿಂದೆ ನಕ್ಷತ್ರ ಚಿಹ್ನೆ ಬರುತ್ತದೆ. ಆ ನಕ್ಷತ್ರ ಇದ್ದದ್ದು 465 ಜಿಬಿ ಎಂಬ ಸಾಲಿನ ಹಿಂದೆ. 223 ಜಿಬಿಯ ಎಸ್‌ಎಸ್‌ಡಿ ಡಿಸ್ಕ್ 1 ಆಗಿತ್ತು, 14 ಜಿಬಿಯ ಪೆನ್‌ಡ್ರೈವ್ ಡಿಸ್ಕ್ 2 ಆಗಿತ್ತು. ಹಿಂದಿನ ಬೂಟಿಗೂ ಈ ಬೂಟಿಗೂ ನಡುವೆ ಕ್ರಮಾಂಕ ಅದಲುಬದಲಾಗಿತ್ತು.

ನಾನು ಕೀಲಿಮಣೆಯಿಂದ ಕೈ ತೆಗೆದು ಕುರ್ಚಿಗೆ ಒರಗಿದೆ. ಪಕ್ಕದಲ್ಲಿ ಪತ್ರಿಕೆಯ ಕಟ್ಟುಗಳನ್ನು ಎಣಿಸುತ್ತಿದ್ದ ಅಂಗಡಿಯವರು ಏನಾಯಿತು ಎಂದು ಕೇಳಿದರು. ಹಾರ್ಡ್ ಡಿಸ್ಕಿನಲ್ಲಿರುವುದಕ್ಕೆ ಬೇರೆ ಕಡೆ ಪ್ರತಿ ಇದೆಯೇ ಎಂದು ನಾನು ಕೇಳಿದೆ. "ಬೇರೆ ಕಡೆ ಎಲ್ಲಿ ಮಾರಾಯ್ರೆ, ಹದಿನೈದು ವರ್ಷದ್ದು ಇರೋದೇ ಅದ್ರಲ್ಲಿ. ಅದು ಹೋದ್ರೆ ಅಂಗಡಿ ಬಾಗಿಲು ಹಾಕಿದ ಹಾಗೇ" ಎಂದರು. ಇದನ್ನು ನಾನು ಕೇಳಬೇಕಾದದ್ದು ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ. ಯಂತ್ರವನ್ನು ಆಫ್ ಮಾಡಿ, ಪ್ಲಗ್ ಕಿತ್ತು, ಹಾರ್ಡ್ ಡಿಸ್ಕಿನ ಎರಡೂ ಕೇಬಲುಗಳನ್ನು ಕಳಚಿ, ಆ ಸಂಜೆಯ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದೆ. ಪಾರ್ಟಿಶನ್ ಕೆಲಸ ಮಾಡುವಾಗ ದತ್ತಾಂಶವಿರುವ ಡಿಸ್ಕು ಯಂತ್ರದೊಳಗೆ ವಿದ್ಯುತ್ ಪಡೆದುಕೊಂಡು ಇರಲೇಬಾರದು ಎಂದು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ. ಕ್ರಮಾಂಕ ನಂಬುವಂಥದ್ದಲ್ಲ, ಗಾತ್ರ ನೋಡಬೇಕು, ಡಿಟೇಲ್ ಡಿಸ್ಕ್ ಎಂಬ ಕಮಾಂಡ್ ಕೊಟ್ಟು ಮಾದರಿಯ ಹೆಸರು ನೋಡಬೇಕು.

ಎರಡನೆಯ ಸಂಜೆ ಮನೆಯಿಂದ ನನ್ನ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕನ್ನೂ ಉಬುಂಟು ಎಂಬ ಲಿನಕ್ಸ್ ಹಾಕಿದ ಇನ್ನೊಂದು ಪೆನ್‌ಡ್ರೈವನ್ನೂ ಒಯ್ದೆ. ಮೊದಲು ಎಸ್‌ಎಸ್‌ಡಿಯನ್ನು ಕಳಚಿ, ಹಾರ್ಡ್ ಡಿಸ್ಕನ್ನು ಮಾತ್ರ ಜೋಡಿಸಿ, ಲಿನಕ್ಸ್‌ನಲ್ಲಿ ಅದರ ಪಾರ್ಟಿಶನ್‌ಗಳನ್ನು ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, 163 ಜಿಬಿಯಷ್ಟು ಫೈಲುಗಳನ್ನು ನಕಲು ಮಾಡಿಕೊಂಡೆ. ಸಣ್ಣ ಸಣ್ಣ ಫೈಲುಗಳೇ ಹೆಚ್ಚಾಗಿದ್ದರಿಂದ ಒಂದೂವರೆ ಗಂಟೆ ಹಿಡಿಯಿತು. ಹಳೆಯ ವಿಂಡೋಸಿನ ಫಾಂಟ್ಸ್ ಫೋಲ್ಡರನ್ನೂ ಮರೆಯದೆ ತೆಗೆದುಕೊಂಡೆ, ಏಕೆಂದರೆ ಹಳೆಯ ನುಡಿ ಫಾಂಟುಗಳಲ್ಲಿ ಕೂಡಿಸಿದ ಕಡತವು ಯೂನಿಕೋಡ್ ಕಡತವಲ್ಲ. ಅದೇ ಫಾಂಟ್ ಇಲ್ಲದಿದ್ದರೆ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು ಕಾಣುತ್ತದೆ.

ಅದು ಮುಗಿದ ಮೇಲೆ ಹಾರ್ಡ್ ಡಿಸ್ಕನ್ನು ಹೊರಗೆ ಮೇಜಿನ ಮೇಲಿಟ್ಟು, ಎಸ್‌ಎಸ್‌ಡಿಯೊಂದನ್ನೇ ಮತ್ತೆ ಜೋಡಿಸಿ, ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಈ ಸಲ ಗಾತ್ರವನ್ನು ಬಾಯಿಬಿಟ್ಟು ಓದಿಕೊಂಡು, ಕ್ಲೀನ್ ಕೊಟ್ಟೆ. ಅರ್ಧ ನಿಮಿಷದ ನಂತರ ಉತ್ತರ ಬಂತು: ಐ/ಓ (ಓದುಬರಹದ) ಸಾಧನದ ದೋಷದಿಂದಾಗಿ ಕೋರಿಕೆಯನ್ನು ನಡೆಸಲಾಗಲಿಲ್ಲ. ಮೊದಲ ಬಾರಿಗೆ ಯಂತ್ರ ಒಂದು ನಿಜವಾದ ಮಾತು ಹೇಳಿತ್ತು. ಸೆಟಪ್ ಈ ತನಕ ಪಾರ್ಟಿಶನ್ ರಚಿಸಲಾಗಲಿಲ್ಲ ಎಂದಷ್ಟೇ ಹೇಳುತ್ತಿತ್ತು. ಡಿಸ್ಕಿಗೆ ಬರೆಯುವುದೇ ಆಗುತ್ತಿಲ್ಲ ಎಂಬುದನ್ನು ಹೇಳಿರಲಿಲ್ಲ. ಹೊಸ ಇನ್‌ಸ್ಟಾಲ್‌ನಲ್ಲಿ ಡಿಸ್ಕಿಗೆ ನಡೆಯುವ ಮೊಟ್ಟಮೊದಲ ಬರವಣಿಗೆ ಪಾರ್ಟಿಶನ್ ಟೇಬಲಿನದೇ ಆದ್ದರಿಂದ, ಬರೆಯುವ ದಾರಿಯಲ್ಲಿ ಎಲ್ಲೇ ತೊಡಕಿದ್ದರೂ ದೂರು ಟೇಬಲಿನ ಮೇಲೇ ಬರುತ್ತದೆ.

ಬರೆಯಲಾಗದ ಎಸ್‌ಎಸ್‌ಡಿ ಎಂದರೆ ಹೆಚ್ಚಿನವರು ಅದರ ಆಯುಷ್ಯ ಮುಗಿಯಿತು ಎಂದು ತೀರ್ಮಾನಿಸುತ್ತಾರೆ, ಅದು ಆಧಾರವಿಲ್ಲದ ಮಾತೂ ಅಲ್ಲ. ಸವೆದ ಕೆಲವು ಎಸ್‌ಎಸ್‌ಡಿಗಳು ಓದಲು ಮಾತ್ರ ಬಿಡುವ ಸ್ಥಿತಿಗೆ ಹೋಗುತ್ತವೆ, ಅಳಿಸಿದ್ದೆಲ್ಲ ಮರುಬೂಟಿನಲ್ಲಿ ಹಿಂದಿರುಗುತ್ತದೆ. ನನ್ನ ಮುಂದಿದ್ದ ಲಕ್ಷಣವೂ ಅದೇ. ಆದರೂ ಹೊಸ ಎಸ್‌ಎಸ್‌ಡಿ ತರಿಸಿ ಎಂದು ಹೇಳುವ ಮುನ್ನ ಇದನ್ನು ಲಿನಕ್ಸ್‌ನಲ್ಲಿ ನೋಡೋಣವೆಂದುಕೊಂಡೆ, ಏಕೆಂದರೆ ವಿಂಡೋಸ್ ಸೆಟಪ್ ಒಂದು ಪೆಟ್ಟಿಗೆಯಲ್ಲಿ ಮುಚ್ಚಿಡುವುದನ್ನು ಲಿನಕ್ಸಿನ ತಿರುಳಾದ ಕರ್ನೆಲ್ ಸಾಲುಸಾಲಾಗಿ ಹೊರಗೆ ಸುರಿಯುತ್ತದೆ.

ಮೊದಲು ಜಿಡಿಸ್ಕ್ ಎಂಬ ಸಾಧನವನ್ನು ಎಸ್‌ಎಸ್‌ಡಿಯ ಮೇಲೆ ಓಡಿಸಿದೆ. ಸರಿಯಾದ ಎಂಬಿಆರ್ ಮತ್ತು ಕೆಟ್ಟ ಜಿಪಿಟಿ ಎರಡೂ ಸಿಕ್ಕಿವೆ, ಯಾವುದನ್ನು ಬಳಸಲಿ ಎಂದು ಅದು ಕೇಳಿತು. ಒಂದೇ ಡಿಸ್ಕಿನಲ್ಲಿ ಎರಡು ಟೇಬಲುಗಳು ಹೇಗೆ ಬಂದವು ಎಂಬುದು ಎರಡರ ರಚನೆ ತಿಳಿದರೆ ಅರ್ಥವಾಗುತ್ತದೆ. ಎಂಬಿಆರ್ ಎಂದರೆ ಡಿಸ್ಕಿನ ಮೊಟ್ಟಮೊದಲ 512 ಬೈಟಿನ ಸೆಕ್ಟರ್, ಅಷ್ಟೇ: 446 ಬೈಟು ಬೂಟ್ ಕೋಡಿಗೆ, 16 ಬೈಟಿನ ನಾಲ್ಕು ನಮೂದುಗಳು ಪಾರ್ಟಿಶನ್‌ಗಳಿಗೆ, ಕೊನೆಯ ಎರಡು ಬೈಟು ಸಹಿಗೆ. ಜಿಪಿಟಿ ಹಾಗಲ್ಲ. ಮೊದಲ ಸೆಕ್ಟರಿನಲ್ಲಿ ಹಳೆಯ ಸಾಧನಗಳು ಡಿಸ್ಕನ್ನು ಖಾಲಿ ಎಂದು ತಿಳಿಯದಿರಲೆಂದು ಕಾವಲಿಗೆ ಒಂದು ಎಂಬಿಆರ್, ಅದರ ನಂತರದ ಸೆಕ್ಟರಿನಲ್ಲಿ ಹೆಡರ್, ಆಮೇಲೆ 128 ಬೈಟಿನಂತೆ 128 ನಮೂದುಗಳಿಗೆ 32 ಸೆಕ್ಟರ್‌ಗಳು. ಇಷ್ಟು ಸಾಲದೆಂದು ಹೆಡರಿನದೂ ನಮೂದುಗಳದೂ ಇನ್ನೊಂದು ಪ್ರತಿ ಡಿಸ್ಕಿನ ತೀರಾ ಕೊನೆಯಲ್ಲಿ. ಈ ಎಸ್‌ಎಸ್‌ಡಿ ಕಚೇರಿಯಲ್ಲಿದ್ದಾಗ ಜಿಪಿಟಿಯಾಗಿತ್ತು. ಅದನ್ನು ಮಾರಾಟಕ್ಕೆ ಸಿದ್ಧಪಡಿಸಿದವರು ಮುಂಭಾಗದಲ್ಲಿ ಎಂಬಿಆರ್ ಬರೆದರು, ಹಿಂಭಾಗದ ಪ್ರತಿಯನ್ನು ಹಾಗೇ ಬಿಟ್ಟರು. ಡಿಸ್ಕಿನಲ್ಲಿ ಒಟ್ಟು 46,88,62,128 ಸೆಕ್ಟರ್‌ಗಳಿವೆ. ಕೊನೆಯದನ್ನು ಓದಿ ಹೆಕ್ಸ್ ರೂಪದಲ್ಲಿ ನೋಡಿದಾಗ ಮೊದಲ ಎಂಟು ಬೈಟುಗಳು 45 46 49 20 50 41 52 54 ಎಂದಿದ್ದವು. ಅಕ್ಷರಗಳಲ್ಲಿ ಓದಿದರೆ ಅದು ಇಎಫ್‌ಐ ಪಾರ್ಟ್, ಅಂದರೆ ಜಿಪಿಟಿ ಹೆಡರಿನ ಸಹಿ.

ಇಂಥ ಹಳೆಯ ಬಾಲ ಉಳಿದ ಡಿಸ್ಕು ಬೇರೆ ಬೇರೆ ಸಾಧನಗಳಿಗೆ ಬೇರೆ ಬೇರೆಯಾಗಿ ಕಾಣಬಹುದಾದ್ದರಿಂದ ಇದೇ ಅಪರಾಧಿ ಇರಬೇಕೆಂದು ಒಂದು ಕ್ಷಣ ಹಿಗ್ಗಿದೆ. ಆದರೆ ಇದರಿಂದ ಬರವಣಿಗೆ ನಿಲ್ಲುವುದಿಲ್ಲ. ಟೇಬಲ್ ಎಷ್ಟು ಕಲಸಿಹೋಗಿದ್ದರೂ ಸೆಕ್ಟರ್ ಸೆಕ್ಟರೇ. ಅದರ ಮೇಲೆ ಬರೆಯಲು ಡಿಸ್ಕಿಗೆ ಟೇಬಲಿನ ಅನುಮತಿ ಬೇಕಿಲ್ಲ. ಐ/ಓ ದೋಷಕ್ಕೆ ಕಾರಣ ಇದಕ್ಕಿಂತ ಕೆಳಗೆ ಎಲ್ಲೋ ಇರಬೇಕಿತ್ತು.

ಎರಡು ಟರ್ಮಿನಲ್ ಕಿಟಕಿಗಳನ್ನು ಅಕ್ಕಪಕ್ಕ ತೆರೆದೆ. ಒಂದರಲ್ಲಿ ಕರ್ನೆಲ್‌ನ ಸಂದೇಶಗಳು ಬಂದಂತೆಲ್ಲ ಕಾಣುವಂತೆ ಡಿಮೆಸೇಜ್ ಓಡುತ್ತಿತ್ತು. ಇನ್ನೊಂದರಲ್ಲಿ ಮೊದಲು ಸ್ಮಾರ್ಟ್‌ಸಿಟಿಎಲ್ ಕೊಟ್ಟು ಎಸ್‌ಎಸ್‌ಡಿ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಲೆಕ್ಕವನ್ನು ನೋಡಿದೆ. ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳನ್ನು ಹೇಳುವ 5ನೆಯ ಸಾಲು ಸೊನ್ನೆ. ತೀರ್ಮಾನವಾಗದೆ ಉಳಿದ ಸೆಕ್ಟರ್‌ಗಳ 197ನೆಯ ಸಾಲೂ ಸೊನ್ನೆ. ಆದರೆ 199ನೆಯ ಸಾಲಿನ ಎದುರು 212 ಎಂದಿತ್ತು. ಈ ಸಾಲು ಡಿಸ್ಕಿನ ಒಳಗಿನ ಕೆಡುಕನ್ನು ಎಣಿಸುವುದಿಲ್ಲ. ಮದರ್‌ಬೋರ್ಡಿಗೂ ಡಿಸ್ಕಿಗೂ ನಡುವೆ ಸಾಗುವಾಗ ಕೆಟ್ಟುಬಂದ ಮಾಹಿತಿಯ ತುಣುಕುಗಳನ್ನು ಎಣಿಸುತ್ತದೆ. ಒಮ್ಮೆ ಏರಿದರೆ ಇಳಿಯುವ ಸಂಖ್ಯೆಯಲ್ಲವಾದ್ದರಿಂದ, ಅದು 212 ಇದೆ ಎಂಬುದಕ್ಕಿಂತ ಈಗಲೂ ಏರುತ್ತಿದೆಯೇ ಎಂಬುದು ಮುಖ್ಯ. ಆದ್ದರಿಂದ ಎರಡೂ ಟೇಬಲುಗಳನ್ನು ಒಟ್ಟಿಗೆ ಅಳಿಸುವ ಎಸ್‌ಜಿಡಿಸ್ಕ್‌ನ ಜ್ಯಾಪ್ ಆಲ್ ಕಮಾಂಡ್ ಕೊಟ್ಟೆ. ಆ ಕಿಟಕಿ ಅಲ್ಲೇ ಹೆಪ್ಪುಗಟ್ಟಿತು. ಪಕ್ಕದ ಕಿಟಕಿಯಲ್ಲಿ ಸಾಲುಗಳು ಸುರಿದವು. ಬರೆಯುವ ಕಮಾಂಡ್ ವಿಫಲ, ಐಸಿಆರ್‌ಸಿ ದೋಷ (ಮಾಹಿತಿ ದಾರಿಯಲ್ಲಿ ಕೆಟ್ಟಿತೆಂಬ ಸೂಚನೆ), ಲಿಂಕ್ ರೀಸೆಟ್. ಮತ್ತೆ ವಿಫಲ, ಮತ್ತೆ ರೀಸೆಟ್. ಕೊನೆಗೆ 6 ಗಿಗಾಬಿಟ್ ಇದ್ದ ಲಿಂಕಿನ ವೇಗವನ್ನು 3 ಗಿಗಾಬಿಟ್‌ಗೆ ಇಳಿಸುತ್ತಿದ್ದೇನೆ ಎಂಬ ಸಾಲು. ಮತ್ತೆ ಸ್ಮಾರ್ಟ್‌ಸಿಟಿಎಲ್ ಕೊಟ್ಟೆ. 221.

ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೂ ಓದಿ ನೋಡಿದರೆ ಒಂದೇ ಒಂದು ದೋಷವೂ ಬರಲಿಲ್ಲ. ಓದಲು ಬರುತ್ತದೆ, ಬರೆಯಲು ಬರುವುದಿಲ್ಲ ಎಂಬ ಈ ವಿಚಿತ್ರವೇ ಎಸ್‌ಎಸ್‌ಡಿ ಸತ್ತಿದೆಯೆಂಬ ಭ್ರಮೆ ಹುಟ್ಟಿಸುವಂಥದ್ದು. ಸಾಟಾ ಕೇಬಲಿನಲ್ಲಿ ಏಳು ತಂತಿಗಳಿವೆ: ಮೂರು ಗ್ರೌಂಡ್, ಒಂದು ಜೋಡಿ ಬೋರ್ಡಿನಿಂದ ಡಿಸ್ಕಿನ ಕಡೆಗೆ, ಇನ್ನೊಂದು ಜೋಡಿ ಡಿಸ್ಕಿನಿಂದ ಬೋರ್ಡಿನ ಕಡೆಗೆ. ಡಿಸ್ಕಿನ ಕಡೆಗೆ ಹೋಗುವ ಜೋಡಿ ಮಾತ್ರ ಹಾಳಾಗಿದ್ದರೆ ಓದಿದ ಮಾಹಿತಿ ಇನ್ನೊಂದು ಜೋಡಿಯಲ್ಲಿ ನೆಮ್ಮದಿಯಾಗಿ ಬರುತ್ತದೆ. ಓದು ಎಂದು ಕೇಳುವ ಕಮಾಂಡೂ ಹಾಳಾದ ಜೋಡಿಯಲ್ಲೇ ಹೋಗಬೇಕಲ್ಲ ಎಂದರೆ, ಅದು ಹೋಗುವುದು 20 ಬೈಟಿನ ಚಿಕ್ಕ ತುಣುಕಾಗಿ. ಬರೆಯುವ ಮಾಹಿತಿ ಹೋಗುವುದು 8 ಕಿಲೋಬೈಟಿನವರೆಗಿನ ತುಣುಕುಗಳಾಗಿ. ಹೊಂಡ ಬಿದ್ದ ದಾರಿಯಲ್ಲಿ ಸೈಕಲ್ ಹೇಗೋ ದಾಟುತ್ತದೆ, ಭರ್ತಿ ಲಾರಿ ದಾಟುವುದಿಲ್ಲ. ಡಿಸ್ಕಿನ ಕ್ರಮಾಂಕ ಬೂಟಿನಿಂದ ಬೂಟಿಗೆ ಬದಲಾದದ್ದಕ್ಕೂ ಬಹುಶಃ ಇದೇ ಕಾರಣ: ಲಿಂಕ್ ಮತ್ತೆ ಮತ್ತೆ ರೀಸೆಟ್ ಆಗಿ ಎಸ್‌ಎಸ್‌ಡಿ ತಡವಾಗಿ ಹಾಜರಿ ಕೊಟ್ಟಾಗ ಹಾರ್ಡ್ ಡಿಸ್ಕು ಮೊದಲ ಸ್ಥಾನ ಹಿಡಿದಿತ್ತು.

ಆದರೂ ಕೇಬಲೇ ಎಂದು ಹೇಳುವ ಹಾಗಿರಲಿಲ್ಲ. ಬೋರ್ಡಿನ ಪೋರ್ಟೂ ಇರಬಹುದು, ಎಸ್‌ಎಸ್‌ಡಿಯ ಕನೆಕ್ಟರೂ ಇರಬಹುದು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಕೆಲಸ ಆಗುತ್ತದೆ, ಕಾರಣ ಸಿಗುವುದಿಲ್ಲ. ಯಂತ್ರ ಆಫ್ ಮಾಡಿ, ಪೋರ್ಟನ್ನೂ ಎಸ್‌ಎಸ್‌ಡಿಯನ್ನೂ ಹಾಗೇ ಇಟ್ಟು, ಹಾರ್ಡ್ ಡಿಸ್ಕಿಗೆ ಬಳಸಿದ್ದ ಕೇಬಲನ್ನು ಮಾತ್ರ ನಡುವೆ ಹಾಕಿದೆ. ಕಳಚಿದ ಕೇಬಲನ್ನು ಟಾರ್ಚ್ ಬೆಳಕಿನಲ್ಲಿ ಹಿಡಿದಾಗ, ಡ್ರೈವ್ ಕೂರುವ ಗೂಡಿನ ಹಿಂದೆ ಅದನ್ನು ಲಂಬಕೋನದಲ್ಲಿ ಮಡಚಿ ತುರುಕಿದ್ದರ ಗುರುತಾಗಿ ಪ್ಲಗ್ಗಿನಿಂದ ಬೆರಳಗಲ ದೂರದಲ್ಲಿ ಕೆಂಪು ಹೊದಿಕೆ ಬಿಳಿಚಿ ಗೆರೆ ಬಿದ್ದಿತ್ತು. ಪ್ಲಗ್ ಜಾರದಂತೆ ಹಿಡಿಯುವ ಲೋಹದ ಕೊಂಡಿಯೂ ಅದಕ್ಕಿರಲಿಲ್ಲ.

ಬೂಟ್ ಮಾಡಿ ಜ್ಯಾಪ್ ಆಲ್ ಕೊಟ್ಟೆ. ಎಂಟರ್‌ನಿಂದ ಬೆರಳು ಎತ್ತುವಷ್ಟರಲ್ಲಿ ಮುಗಿದಿತ್ತು. ಕೊನೆಯ ಸೆಕ್ಟರನ್ನು ಮತ್ತೆ ಓದಿದರೆ ಎಲ್ಲ ಸೊನ್ನೆ. ಇನ್ನೂ ನಂಬಿಕೆ ಬಾರದೆ 20 ಜಿಬಿಯಷ್ಟು ಸೊನ್ನೆಗಳನ್ನು ಡಿಸ್ಕಿಗೆ ಸುರಿದೆ. ಡಿಮೆಸೇಜ್ ಕಿಟಕಿ ಮೌನವಾಗಿತ್ತು, 199ರ ಎದುರು 221 ಹಾಗೇ ನಿಂತಿತ್ತು. ಗಂಟೆ ಹತ್ತಾಗಿದ್ದರಿಂದ ಇನ್‌ಸ್ಟಾಲ್ ಮರುದಿನಕ್ಕೆ ಉಳಿಯಿತು.

ಮೂರನೆಯ ಸಂಜೆಯ ಬಗ್ಗೆ ಹೇಳುವುದು ಕಡಿಮೆ. ಕೊಂಡಿಯಿರುವ ಎರಡು ಹೊಸ ಕೇಬಲುಗಳನ್ನು ಅಂಗಡಿಯವರೇ ತರಿಸಿಟ್ಟಿದ್ದರು. ಹಾರ್ಡ್ ಡಿಸ್ಕು ಇನ್ನೂ ಮೇಜಿನ ಮೇಲೇ ಇತ್ತು. ಸೆಟಪ್‌ಗೆ ಬಿಟ್ಟರೆ ಅದು ಬೂಟ್ ಫೈಲುಗಳ ಇಎಫ್‌ಐ ಪಾರ್ಟಿಶನ್ನಿಗೆ 100 ಎಂಬಿ ಮಾತ್ರ ಕೊಡುತ್ತದೆ. ಮುಂದೆ ಅದು ತುಂಬಿಹೋಗಿ ವಿಂಡೋಸ್ ಅಪ್‌ಡೇಟ್ ನಿಂತದ್ದನ್ನು ಬೇರೆ ಯಂತ್ರಗಳಲ್ಲಿ ಕಂಡಿದ್ದರಿಂದ, ಆ ಭಾಗವನ್ನು ನಾನು ಕೈಯಾರೆ ಮಾಡುತ್ತೇನೆ. ಡಿಸ್ಕ್‌ಪಾರ್ಟ್‌ನಲ್ಲಿ ಕ್ಲೀನ್, ಅನಂತರ ಕನ್ವರ್ಟ್ ಜಿಪಿಟಿ, 300 ಎಂಬಿಯ ಇಎಫ್‌ಐ ಪಾರ್ಟಿಶನ್, ಅದಕ್ಕೆ ಫ್ಯಾಟ್32 ಫಾರ್ಮ್ಯಾಟ್, ಅದರ ನಂತರ ವಿಂಡೋಸ್ ತನಗಾಗಿ ಕಾದಿರಿಸಿಕೊಳ್ಳುವ 16 ಎಂಬಿಯ ಎಂಎಸ್‌ಆರ್ ಎಂಬ ಭಾಗ. ಉಳಿದದ್ದನ್ನು ಖಾಲಿ ಬಿಟ್ಟು, ಕಿಟಕಿ ಮುಚ್ಚಿ, ರಿಫ್ರೆಶ್ ಒತ್ತಿ, ಆ ಖಾಲಿ ಜಾಗವನ್ನು ತೋರಿಸಿದೆ. ಹಳದಿ ತ್ರಿಕೋನ ಬರಲಿಲ್ಲ. ಲಿಸ್ಟ್ ಡಿಸ್ಕ್‌ನ ಕೊನೆಯ ಕಂಬಸಾಲಿನಲ್ಲಿ ಜಿಪಿಟಿಯ ಕೆಳಗೆ ನಕ್ಷತ್ರ ಬಿದ್ದಿತ್ತು. ಮೊದಲ ರೀಸ್ಟಾರ್ಟ್ ಆಗುವಾಗ ಪೆನ್‌ಡ್ರೈವ್ ಕಿತ್ತುಕೊಂಡೆ. ಇಲ್ಲದಿದ್ದರೆ ಬೂಟ್ ಸರದಿ ಅದಕ್ಕೇ ಮೊದಲಿದ್ದ ಯಂತ್ರ ಮತ್ತೆ ಮೊದಲ ಪರದೆಗೇ ಬರುತ್ತದೆ. ಟೀ ತಣ್ಣಗಾಗುವಷ್ಟರಲ್ಲಿ ಡೆಸ್ಕ್‌ಟಾಪ್ ಬಂತು.

ಯಂತ್ರವನ್ನು ಆಫ್ ಮಾಡಿ ಹಾರ್ಡ್ ಡಿಸ್ಕನ್ನು ಹೊಸ ಕೇಬಲಿನೊಂದಿಗೆ ಒಳಗೆ ಕೂರಿಸಿದೆ. ಅದರಲ್ಲಿ ಇನ್ನೂ ಹಳೆಯ ವಿಂಡೋಸ್ 7 ಇದ್ದರೂ ಸಿಎಸ್‌ಎಂ ಆಫ್ ಇರುವುದರಿಂದ ಅದರಿಂದ ಬೂಟ್ ಆಗುವ ಪ್ರಶ್ನೆಯಿಲ್ಲ. ದತ್ತಾಂಶವನ್ನಷ್ಟೇ ಇಡುವ 500 ಜಿಬಿ ಡಿಸ್ಕು ಎಂಬಿಆರ್ ಆಗಿದ್ದರೆ ಏನೂ ತೊಂದರೆಯಿಲ್ಲವಾದ್ದರಿಂದ ಅದರ ಟೇಬಲನ್ನು ಬದಲಾಯಿಸುವ ಉಸಾಬರಿಗೆ ನಾನು ಹೋಗಲಿಲ್ಲ. ಸಿಸ್ಟಮ್ ರಿಸರ್ವ್ಡ್ ಎಂಬ 100 ಎಂಬಿಯ ಚೂರು ಒಂದು ಅಕ್ಷರ ಹಿಡಿದು ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಅಕ್ಷರವನ್ನು ತೆಗೆದುಹಾಕಿದೆ. ಹಳೆಯ ಬಳಕೆದಾರರ ಫೋಲ್ಡರ್ ತೆರೆಯಲು ಹೋದಾಗ ಅನುಮತಿಯಿಲ್ಲ ಎಂದಿತು, ಕಂಟಿನ್ಯೂ ಒತ್ತಿ ಕೆಲವು ನಿಮಿಷ ಕಾದ ಮೇಲೆ ತೆರೆಯಿತು. ನುಡಿ ಫಾಂಟುಗಳನ್ನು ಹಾಕಿ ಅಂಗಡಿಯವರು ತೆರೆದ ಮೊದಲ ಕಡತ ಒಂದು ಹಳೆಯ ಲಗ್ನಪತ್ರಿಕೆ. ಮೇಲಿನ ಗಣಪತಿಯ ಶ್ಲೋಕದ ಒತ್ತಕ್ಷರಗಳನ್ನು ಅವರು ಪರದೆಯ ಹತ್ತಿರ ಬಗ್ಗಿ ಒಂದೊಂದಾಗಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿದರು. ನನ್ನ ಎಕ್ಸ್‌ಟರ್ನಲ್ ಡಿಸ್ಕಿನ ಪ್ರತಿಯನ್ನು ಅವರು ತಮ್ಮದೊಂದು ಡಿಸ್ಕು ಕೊಳ್ಳುವ ತನಕ ಅಳಿಸುವುದಿಲ್ಲ ಎಂದು ಹೇಳಿದ್ದೇನೆ.

ಒಂದು ವಾರ ಬಿಟ್ಟು ಅದೇ ದಾರಿಯಲ್ಲಿ ಹೋಗುವಾಗ ಅಂಗಡಿಗೆ ಹೊಕ್ಕು 199ನೆಯ ಸಾಲನ್ನು ಮತ್ತೆ ನೋಡಿದೆ. 221. ಕೆಟ್ಟ ಕೇಬಲನ್ನು ಅವರು ಯಾವುದಕ್ಕಾದರೂ ಆದೀತು ಎಂದು ಸುತ್ತಿ ಡ್ರಾಯರಿನಲ್ಲಿ ಇಟ್ಟಿದ್ದರು. ಕೇಳಿ ತೆಗೆಸಿಕೊಂಡು, ಪತ್ರಿಕೆ ಕತ್ತರಿಸುವ ಅವರದೇ ಕತ್ತರಿಯಲ್ಲಿ ನಡುವೆ ತುಂಡರಿಸಿ ಕಸದ ಬುಟ್ಟಿಗೆ ಹಾಕಿ ಬಂದೆ.